ಏಳನೇ ಕಂಬದ ಮೀನುಗಳು

ಸತ್ತ ಮೀನೊಂದು ಐದು ತಿಂಗಳು ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಮೆಲ್ಬರ್ನ್‌ನಲ್ಲಿ ನಾನು ಕೊನೆಯದಾಗಿ ದುಡಿದ ಪ್ರಯೋಗಾಲಯದ ಕಡತದಲ್ಲಿ ಅದು ಈಗಲೂ ಇರಬೇಕು.

ಅಲ್ಲಿ ಮೀನಿನ ಹೊಟ್ಟೆ ಸೀಳಿ, ಪೆನ್ನಿನ ಮುಚ್ಚಳದಷ್ಟು ಗಾತ್ರದ ಯಂತ್ರವೊಂದನ್ನು ಒಳಗಿಟ್ಟು ಹೊಲಿಯುತ್ತಿದ್ದೆವು. ಅದು ಒಂದೆರಡು ನಿಮಿಷಕ್ಕೊಮ್ಮೆ ಮನುಷ್ಯರ ಕಿವಿಗೆ ಕೇಳಿಸದ ಸದ್ದು ಮಾಡುತ್ತದೆ. ನದಿಯ ಜೆಟ್ಟಿಗಳ, ಅಂದರೆ ದೋಣಿಕಟ್ಟೆಗಳ, ಕಂಬಕ್ಕೆ ಕಟ್ಟಿದ ಇನ್ನೊಂದು ಯಂತ್ರ ಆ ಸದ್ದನ್ನು ಹಿಡಿದು, ಯಾವ ನಂಬರಿನ ಮೀನು ಎಷ್ಟು ಹೊತ್ತಿಗೆ ಬಂದಿತ್ತು ಎಂದು ಗುರುತು ಹಾಕಿಕೊಳ್ಳುತ್ತದೆ. ಒಂದು ಮೀನು ಮಾತ್ರ ಒಂದೇ ಕಂಬವನ್ನು ಬಿಟ್ಟು ಕದಲಲೇ ಇಲ್ಲ. ನಾವು ಅದರ ನಿಷ್ಠೆಯನ್ನು ಹೊಗಳಿ ವರದಿ ಬರೆದೆವು. ಐದು ತಿಂಗಳ ಮೇಲೆ ಮುಳುಗುಗಾರನೊಬ್ಬ ಕೆಳಗಿಳಿದು ನೋಡಿದರೆ, ಕಂಬದ ಬುಡದ ಚಿಪ್ಪುಗಳ ನಡುವೆ ಯಂತ್ರ ಮಾತ್ರ ಬಿದ್ದಿತ್ತು. ಮೀನಿನ ಒಂದು ಮುಳ್ಳೂ ಉಳಿದಿರಲಿಲ್ಲ. ಯಂತ್ರ ಮಾತ್ರ ತನ್ನ ನಂಬರ್ ಹೇಳುತ್ತಲೇ ಇತ್ತು.

ಆಫೀಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ಸಿಡ್ನಿಯಲ್ಲಿ, ಇಲ್ಲದವರಿಂದ ಬಂದ ಸುದ್ದಿಗೆ ನಾನು ತಿಂಗಳುಗಟ್ಟಲೆ ಉತ್ತರ ಬರೆದಿದ್ದೆ.

ಈಗ ನಿವೃತ್ತಳಾಗಿ ಮೆಲ್ಬರ್ನ್ ಪಕ್ಕದ ವೆರಿಬೀಯಲ್ಲಿದ್ದೇನೆ. ಹೋದ ಯುಗಾದಿ ಊಟದಲ್ಲಿ ನಮ್ಮ ಕನ್ನಡದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು, "ಆಂಟಿ, ನಂಗೆ ಫಿಶರೀಸ್‌ನಲ್ಲಿ ಟೆಕ್ನಿಷಿಯನ್ ಜಾಬ್ ಸಿಕ್ಕಿದೆ. ಆಕ್ಚುಲಿ ಏನ್ ಮಾಡ್ಬೇಕು ಅದ್ರಲ್ಲಿ?" ಎಂದು ಕೇಳಿದಳು. "ಅಳೀಬೇಕು, ಬರೀಬೇಕು," ಎಂದೆ. ಅವಳ ಮುಖ ಸಪ್ಪಗಾಯಿತು. ಆ ಎರಡು ಮಾತಿನಲ್ಲಿ ಏನೇನು ಅಡಗಿದೆ ಎಂದು ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡುವಾಗ ನಾನು ಕಂಡ ಮೀನುಗಳೆಲ್ಲ ಫಾರ್ಮಲಿನ್ ಬಾಟಲಿಯೊಳಗೆ ಬೆಳ್ಳಗಾಗಿ ಕೂತವು. ಮದುವೆಯಾಗಿ ಸಿಡ್ನಿಗೆ ಬಂದೆ. ನಮ್ಮವರು, ಅರವಿಂದ, ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದರು. ಮೂರು ವರ್ಷ ಮನೆಯಲ್ಲಿ ಕೂತ ಮೇಲೆ ಮೀನುಗಾರಿಕೆಯ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮವ್ವ "ಕೈ ಛಲೋತ್ನಾಗ ತೊಳ್ಕೊ ಅಷ್ಟ," ಎಂದಳು.

ಕೆಲಸ ಇದ್ದದ್ದು ಬ್ರೀಮ್ ಎಂಬ ಮೀನಿನ ಮೇಲೆ. ಗೇಣಿಗಿಂತ ಸ್ವಲ್ಪ ಉದ್ದದ, ಬೆಳ್ಳಿ ಬಣ್ಣದ ಮೀನು. ಅಮೆರಿಕದ ಕಡಲಂಚಿನಲ್ಲಿ ಕುರಿಯ ಹಲ್ಲಿನಂಥ ಹಲ್ಲಿರುವ ಮೀನೊಂದು ಜೆಟ್ಟಿಯ ಕಂಬಗಳನ್ನು ಕೆರೆದು ತಿನ್ನುತ್ತದಂತೆ, ಇದು ಅದರ ದಾಯಾದಿ. ಇದಕ್ಕೂ ಬಯಲು ನೀರು ಹಿಡಿಸುವುದಿಲ್ಲ. ಜೆಟ್ಟಿಯ ಕಂಬ, ಸೇತುವೆಯ ಕಾಲು, ಮುಳುಗಿದ ದೋಣಿ, ಏನಾದರೊಂದು ನೆರಳು ಬೇಕು. ಅಲ್ಲಿ ಅಂಟಿಕೊಂಡ ಚಿಪ್ಪುಗಳನ್ನು ಕಡಿದು ಪುಡಿ ಮಾಡಿ ತಿನ್ನುತ್ತದೆ. ನಾವು ಅದನ್ನು ಗಾಳ ಹಾಕಿ ಹಿಡಿದು, ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಉದ್ದ ಅಳೆದು, ಬೆನ್ನಿಗೆ ಹಳದಿ ಪ್ಲಾಸ್ಟಿಕ್ಕಿನ ನೂಲಿನಂಥ ಟ್ಯಾಗ್ ಚುಚ್ಚಿ ನೀರಿಗೆ ಬಿಡುತ್ತಿದ್ದೆವು. ಪ್ರತಿ ಟ್ಯಾಗಿಗೂ ಒಂದು ನಂಬರ್. ಆ ಮೀನು ಮುಂದೆ ಯಾರ ಗಾಳಕ್ಕಾದರೂ ಸಿಕ್ಕರೆ ಅವರು ಒಂದು ಕಾರ್ಡಿನಲ್ಲಿ ನಂಬರ್, ಜಾಗ, ದಿನ, ಉದ್ದ ಬರೆದು ನಮಗೆ ಕಳಿಸುತ್ತಿದ್ದರು. ಅವರ ಮೀನನ್ನು ನಾವು ಎಲ್ಲಿ ಯಾವಾಗ ಬಿಟ್ಟಿದ್ದೆವು, ಅದು ಎಷ್ಟು ಬೆಳೆದಿದೆ ಎಂದು ತಿಳಿಸಿ ಒಂದು ಪತ್ರ ಬರೆಯುವುದು ನನ್ನ ಪಾಲಿನ ಕೆಲಸ.

ನನ್ನ ಮೇಲಧಿಕಾರಿ ಕಾಲಿನ್. ಐವತ್ತು ದಾಟಿದ ಎತ್ತರದ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮೊದಲ ದಿನ ನನ್ನ ಕೈಗೆ ರಿಜಿಸ್ಟರ್ ಕೊಟ್ಟು, "ನೀನು ಕಾಣದ್ದನ್ನು ಇದರಲ್ಲಿ ಬರೆಯಬೇಡ ಗಿರಿಜಾ," ಎಂದ. ನನ್ನ ಹೆಸರನ್ನು ಸರಿಯಾಗಿ ಹೇಳಲು ಕಲಿತ ಮೊದಲ ಆಸ್ಟ್ರೇಲಿಯನ್ ಅವನು.

ಆದ ತಪ್ಪುಗಳಲ್ಲಿ ಒಂದನ್ನು ಹೇಳಲೇಬೇಕು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಭರತ ಇಳಿತದ ಹೊತ್ತು ಅಚ್ಚಾಗಿರುವ ಪುಸ್ತಕದಲ್ಲಿ ಆ ಗಂಟೆಯನ್ನು ಆಗಲೇ ಸೇರಿಸಿದ್ದರು. ಅದು ತಿಳಿಯದೆ ನಾನು ಇನ್ನೊಮ್ಮೆ ಸೇರಿಸಿದೆ. ನನ್ನ ಲೆಕ್ಕ ನಂಬಿ ಕಾಲಿನ್ ಇಳಿತದ ಹೊತ್ತಿಗೆಂದು ದೋಣಿಯನ್ನು ಒಂದು ಹಳೆಯ ಜೆಟ್ಟಿಯ ಅಡಿಗೇ ನುಗ್ಗಿಸಿದ. ಹೊರಗೆ ಸುಡುವ ಬಿಸಿಲು, ಒಳಗೆ ಹಸಿರು ಕತ್ತಲೆ. ಹತ್ತು ಮೀನು ಹಿಡಿದಿರಬಹುದು, ತಲೆಗೆ ಏನೋ ಒರಟಾಗಿ ತಾಗಿತು. ಕೈ ಎತ್ತಿದರೆ ಜೆಟ್ಟಿಯ ತೊಲೆ! ನಾವು ಬರುವಾಗ ಅದು ನಿಂತರೂ ಎಟುಕದಷ್ಟು ಮೇಲಿತ್ತು. ನೀರು ಸದ್ದಿಲ್ಲದೆ ಏರಿ ನಮ್ಮನ್ನು ತೊಲೆಗೆ ಒತ್ತುತ್ತಿತ್ತು. ದೋಣಿಯಲ್ಲಿ ಅಂಗಾತ ಮಲಗಿ, ಚಿಪ್ಪು ತುಂಬಿದ ತೊಲೆಗಳನ್ನು ಬರಿಗೈಯಲ್ಲಿ ತಳ್ಳುತ್ತಾ ಒಂದೊಂದೇ ಮೊಳ ಹೊರಗೆ ಬಂದೆವು. ಆಗ ದೋಣಿಯ ತಗಡಿಗೆ ಕಿವಿ ತಾಗಿದ್ದರಿಂದ ಕೆಳಗಿನ ನೀರೆಲ್ಲ ಚಿಟಚಿಟ ಎನ್ನುವುದು ಕೇಳಿಸಿತು, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದು ಸೀಗಡಿಗಳ ಸದ್ದು ಎಂದು ಕಾಲಿನ್ ಆಮೇಲೆ ವಿವರಿಸಿದ. ಆ ಕ್ಷಣದಲ್ಲಿ ನನಗನ್ನಿಸಿದ್ದು ಬೇರೆ. ಕೆಳಗೆ ಯಾರೋ ನಮ್ಮ ಬಗ್ಗೆ ಗುಸುಗುಸು ಮಾತಾಡುತ್ತಿದ್ದರು.

ಅಂಗೈಯ ರಕ್ತ ಒರೆಸಿಕೊಂಡು ಕಾಲಿನ್ ಹೇಳಿದ್ದು ಇಷ್ಟೇ: "ನಾಳೆಯಿಂದ ಎರಡು ಸಲ ನೋಡು."

ಸದಾನಂದ ಅಂಕಲ್ ಅವರ ಕಾರ್ಡುಗಳು ಬರತೊಡಗಿದ್ದು ಆ ವರ್ಷವೇ. ಬೇರೆಯವರು 'ಸೇತುವೆ ಹತ್ತಿರ' ಎಂದು ಗೀಚಿದರೆ, ಇವರು ದೊಡ್ಡಕ್ಷರದ ಇಂಗ್ಲಿಷಿನಲ್ಲಿ 'ಹಳೆಯ ಮರದ ಜೆಟ್ಟಿ, ಏಳನೇ ಕಂಬ, ದಕ್ಷಿಣದ ಬದಿ, ಇಳಿತ ಶುರುವಾಗಿ ಇಪ್ಪತ್ತು ನಿಮಿಷಕ್ಕೆ' ಎಂದು ಬರೆಯುತ್ತಿದ್ದರು. ನನ್ನ ಉತ್ತರದ ಕೆಳಗಿದ್ದ ಹೆಸರು ನೋಡಿ ಮುಂದಿನ ಕಾರ್ಡಿನ ಅಂಚಿನಲ್ಲಿ 'ನೀವು ಕನ್ನಡದವರಾ?' ಎಂದು ಬರೆದಿದ್ದರು. ಹೌದು, ಧಾರವಾಡ ಎಂದು ಬರೆದೆ. 'ಧಾರವಾಡಕ್ಕೆ ಸಮುದ್ರ ಯಾವಾಗ ಬಂತು ಮಾರಾಯ್ತಿ?' ಎಂದು ಉತ್ತರ ಬಂತು. ಅಂದಿನಿಂದ ಅವರಿಗೆ ಬರೆಯುವ ಪ್ರತಿ ಪತ್ರದ ಕೊನೆಗೆ ಕೈಯಲ್ಲಿ ಕನ್ನಡದ ಒಂದೆರಡು ಸಾಲು ಸೇರಿಸುತ್ತಿದ್ದೆ.

ಒಂದು ಶನಿವಾರ ಹೋಗಿ ಭೇಟಿಯಾದೆ. ಮಲ್ಪೆ ಕಡೆಯವರು. ಹಡಗುಗಳಲ್ಲಿ ಫಿಟ್ಟರ್ ಆಗಿ ತಿರುಗಿ, ಕೊನೆಗೆ ಸಿಡ್ನಿಯ ಹಡಗುಕಟ್ಟೆಯಲ್ಲಿ ನೆಲೆನಿಂತು ನಿವೃತ್ತರಾಗಿದ್ದರು. ಗಿಡ್ಡ ದೇಹ, ಹಳದಿ ಮಳೆ ಅಂಗಿ. ಹಿಂದಿನ ಬೆಂಚಿನ ಮೇಲೆ ಅವರ ಹೆಂಡತಿ ಜಲಜಾಕ್ಷಿ ಆಂಟಿ ಟಿಫಿನ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮಕ್ಕಳಿರಲಿಲ್ಲ.

"ನೀವು ಲ್ಯಾಬಿನವರು ನೀರಿನ ನಡುವಿಗೆ ಎಸೆಯುದು," ಎಂದರು ಅಂಕಲ್. "ಅಲ್ಲಿ ಎಂತ ಉಂಟು? ಕಂಬಕ್ಕೆ ತಾಗಿಸಿ ಬಿಡಿ. ಚಿಪ್ಪು ತಾನಾಗಿ ಕಳಚಿ ಬಿದ್ದ ಹಾಗೆ ಇಳೀಬೇಕು."

ಗಾಳಕ್ಕೆ ಬೆರಳುಗುರಿನಷ್ಟು ಏಡಿ ಚುಚ್ಚಿ, ಕಂಬವನ್ನು ಸವರಿಕೊಂಡು ದಾರ ಇಳಿಸಿ ನನ್ನ ಕೈಗೆ ಕೊಟ್ಟರು. "ಎಳೆದಾಗ ಗೊತ್ತಾಗ್ತದಾ?" ಎಂದು ಕೇಳಿದೆ.

"ಎಳೆಯುದಿಲ್ಲ. ಬಾಯಲ್ಲಿ ಇಟ್ಟು ಅಗಿಯುದು. ಕಂಬವೇ ಉಸಿರು ಬಿಟ್ಟ ಹಾಗೆ ಆಗ್ತದೆ, ಆಗ ಎತ್ತಿ."

ಅವರು ಹೇಳಿದ ಹಾಗೆಯೇ ಆಯಿತು. ಅಂದು ಕಲಿತದ್ದರಿಂದ ನಮ್ಮ ದೋಣಿಗೆ ಸಿಗುವ ಮೀನು ಎಷ್ಟೋ ಹೆಚ್ಚಿತು. ಎರಡು ವರ್ಷದಲ್ಲಿ ಅಂಕಲ್ ನಲವತ್ತಕ್ಕೂ ಮೇಲೆ ಕಾರ್ಡು ಕಳಿಸಿದರು. ಒಂದರಲ್ಲೂ ತಪ್ಪಿರಲಿಲ್ಲ.

ಆಮೇಲೆ ಕಾರ್ಡು ಬರುವುದು ನಿಂತಿತು. ಎರಡು ತಿಂಗಳ ಮೇಲೆ, ಹೊಸ ವರ್ಷ ಹುಟ್ಟಿ ಸ್ವಲ್ಪ ದಿನಕ್ಕೆ, ಮತ್ತೆ ಒಂದು ಬಂತು. ಅದೇ ದೊಡ್ಡಕ್ಷರ, ಆದರೆ ಪೆನ್ಸಿಲಿನಲ್ಲಿ. ಏಳನೇ ಕಂಬ. ಟ್ಯಾಗ್ ನಂಬರ್ 6118. ಅಂಚಿನಲ್ಲಿ ಕನ್ನಡ ಇರಲಿಲ್ಲ, ಎಂದಿನಂತೆ ಅಂಟಿಸಿದ ಟ್ಯಾಗೂ ಇರಲಿಲ್ಲ.

ರಿಜಿಸ್ಟರ್ ತೆಗೆದೆ. ನಾವು ಅಲ್ಲಿಯವರೆಗೆ ಮೀನಿಗೆ ಹಾಕಿದ್ದ ಕೊನೆಯ ಟ್ಯಾಗ್ 6072. 6118 ಇನ್ನೂ ನನ್ನ ಡ್ರಾಯರಿನಲ್ಲಿ, ಸೀಲ್ ಒಡೆಯದ ಪ್ಯಾಕೆಟಿನೊಳಗೆ ಇರಬೇಕು. ಸೀಲ್ ಒಡೆದು ಒಂದೊಂದೇ ಎಣಿಸಿದೆ. ಇತ್ತು. ನುಣ್ಣಗೆ, ಹಳದಿಯಾಗಿ, ನೀರು ಕಾಣದೆ ಅಲ್ಲೇ ಇತ್ತು.

"ತಪ್ಪಾಗಿ ಓದಿದ್ದಾನೆ," ಎಂದ ಕಾಲಿನ್. "ಅನುಮಾನ ಎಂದು ಗುರುತು ಹಾಕು."

ಆ ದಿನದ ಇಳಿತದ ಹೊತ್ತನ್ನು ಪುಸ್ತಕದಲ್ಲಿ ಎರಡು ಸಲ ನೋಡಿದೆ. ಕಾರ್ಡಿನಲ್ಲಿದ್ದದ್ದು ನಿಮಿಷದ ಮಟ್ಟಿಗೂ ಸರಿಯಾಗಿತ್ತು. ಇಷ್ಟು ಕರಾರುವಾಕ್ಕಾಗಿ ಹೊತ್ತು ನೋಡಿಕೊಂಡವರು ನಂಬರ್ ತಪ್ಪು ಓದಿಯಾರೇ?

ನನ್ನ ದೊಡ್ಡ ತಪ್ಪು ಆದದ್ದು ಇಲ್ಲಿ. 'ನಿಮ್ಮ ನಂಬರ್ ತಪ್ಪು' ಎಂದು ಬರೆದುಬಿಟ್ಟಿದ್ದರೆ ಮುಗಿದಿತ್ತು. ನನಗೆ ಕೆಲಸ ಕಲಿಸಿದ ಹಿರಿಯರಿಗೆ ಹಾಗೆ ಬರೆಯಲು ಕೈ ಬರಲಿಲ್ಲ. ಈ ಮೀನನ್ನು ನದಿ ಸೇರುವ ಕೊಲ್ಲಿಯ ಆಚೆ ದಡದಲ್ಲಿ ಬಿಟ್ಟಿದ್ದೆವು, ಎರಡು ಸೆಂಟಿಮೀಟರ್ ಬೆಳೆದಿದೆ ಎಂದು ಕಟ್ಟಿ ಬರೆದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಪತ್ರದಲ್ಲಿ ಮಾತ್ರ. ಕೊನೆಗೆ ಕನ್ನಡದಲ್ಲಿ, 'ಅಂಕಲ್, ಆರಾಮಿದ್ದೀರಾ? ಈ ಸಲ ಕನ್ನಡ ಯಾಕೆ ಬರೆಯಲಿಲ್ಲ?' ಎಂದು ಕೇಳಿದೆ.

ಮುಂದಿನ ತಿಂಗಳು ಕಾರ್ಡು ಬಂತು. ನನ್ನ ಪ್ರಶ್ನೆಗೆ ಉತ್ತರವಿಲ್ಲ. ನಂಬರ್ 6121. ಅದೂ ನನ್ನ ಡ್ರಾಯರಿನಲ್ಲೇ ಇತ್ತು. ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಮೂರನೆಯ ತಿಂಗಳು 6125. ಅದು ಬೀಗದೊಳಗೇ ಇತ್ತು.

ಮನೆಯಲ್ಲಿ ಹೇಳಿದೆ. ಅರವಿಂದ ಅಂದರು: "ಯಾರರ ನಿನ್ನ ಆಟ ಆಡಸ್ಲಿಕತ್ತಾರ. ಫೋನ್ ಹಚ್ಚಿ ಕೇಳಿಬಿಡಲ್ಲ."

"ಹಚ್ಚೀನಿ. ಗಂಟಿ ಬಾರಸ್ತದ, ಯಾರೂ ಎತ್ತೂದಿಲ್ಲ."

"ಹಂಗಾರ ಪತ್ರ ಬರಿಯೂದು ನಿಲ್ಲಸು."

ನಿಲ್ಲಿಸಲಿಲ್ಲ. ಒಮ್ಮೆ ಸುಳ್ಳು ಬರೆದವಳಿಗೆ ಎರಡನೆಯದು ತಪ್ಪದು, ಮೂರನೆಯದು ಕಷ್ಟವೇ ಅಲ್ಲ. ಒಂದೊಂದು ಕಾರ್ಡಿಗೂ ಒಂದೊಂದು ಮೀನಿನ ಬದುಕನ್ನು ಕಟ್ಟಿ ಕಳಿಸುತ್ತಾ ಹೋದೆ. ಇತ್ತ ದೋಣಿಯಲ್ಲಿ ನಂಬರುಗಳು ಏರುತ್ತಿದ್ದವು. 6118ನ್ನು ಹಾಕಬೇಕಾದ ದಿನ ಬಂದಾಗ ನನ್ನ ಬೆರಳು ಮುಂದೆ ಹೋಗಲಿಲ್ಲ. ಒದ್ದೆ ಬಟ್ಟೆಯ ಮೇಲೆ ಮಲಗಿದ್ದ ಮೀನು ರೆಪ್ಪೆಯಿಲ್ಲದ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ಇದನ್ನು ನೀರಿಗೆ ಬಿಡುವ ಮೊದಲೇ ಅಲ್ಲಿ ಯಾರೋ ಹಿಡಿದಾಗಿದೆ ಎನಿಸಿತು. ಕಾರ್ಡಿನಲ್ಲಿ ಬಂದ ನಂಬರಿನ ಟ್ಯಾಗುಗಳನ್ನು ಕಾಲಿನ್‌ಗೆ ಕಾಣದ ಹಾಗೆ ತೆಗೆದಿಟ್ಟುಕೊಂಡು ಮುಂದಿನದನ್ನು ಹಾಕಿದೆ.

ಆರನೆಯ ಕಾರ್ಡು ಬಂದ ಮೇಲೆ ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಆಗ ಕಂಡಿತು, ಎಲ್ಲವೂ ತಿಂಗಳ ಎರಡನೇ ಶನಿವಾರದವು. ಎಲ್ಲವೂ ಇಳಿತ ಶುರುವಾಗಿ ಇಪ್ಪತ್ತು ನಿಮಿಷಕ್ಕೆ. ಮುಂದಿನ ಎರಡನೇ ಶನಿವಾರದ ಹೊತ್ತನ್ನು ಪುಸ್ತಕ ನೋಡಿ ಲೆಕ್ಕ ಹಾಕಿದೆ. ಬೆಳಿಗ್ಗೆ ಒಂಬತ್ತೂವರೆ.

ಅದು ಜುಲೈ, ಚಳಿಗಾಲ. ಜೆಟ್ಟಿಯ ಬಳಿ ಕಾರು ನಿಲ್ಲಿಸಿದಾಗ ನದಿಯ ಮೇಲೆ ಮಂಜು ಹತ್ತಿಯ ಹಾಗೆ ಕೂತಿತ್ತು. ಆಚೆ ದಡ ಇಲ್ಲವೇ ಇಲ್ಲ. ಒಂದು ಹಕ್ಕಿಯ ಕೂಗೂ ಇರಲಿಲ್ಲ. ಹಲಗೆಗಳ ಮೇಲೆ ನಡೆಯುತ್ತಾ ಕಂಬ ಎಣಿಸಿದೆ. ನಾಲ್ಕರ ಬಳಿ ಬಂದಾಗ ಮಂಜಿನೊಳಗೆ ಹಳದಿ ಕಂಡಿತು. ಮಳೆ ಅಂಗಿ, ತಲೆಗೆ ಅದರದೇ ಟೋಪಿ, ಕೈಯಲ್ಲಿ ಗಾಳದ ಕೋಲು, ಕಂಬಕ್ಕೆ ತಾಗಿ ಇಳಿದ ದಾರ.

"ಅಂಕಲ್!" ಎಂದು ಕೂಗಿದೆ.

ಆಕೃತಿ ತಿರುಗಲಿಲ್ಲ. ಐದನೇ ಕಂಬ ದಾಟಿದೆ. ಅಂಕಲ್‌ಗಿಂತ ಭುಜ ಚಿಕ್ಕದಾಗಿದೆ ಎನಿಸಿತು. ಆರು. ಆಗ ಅದು ನಿಧಾನಕ್ಕೆ ತಿರುಗಿತು. ಟೋಪಿಯೊಳಗೆ ಇದ್ದದ್ದು ಜಲಜಾಕ್ಷಿ ಆಂಟಿಯ ಮುಖ.

"ನೀನಾ?" ಎಂದರು. ಬೆಚ್ಚಿದಂತೆ ಕಾಣಲಿಲ್ಲ. "ಒಂದಲ್ಲ ಒಂದು ದಿನ ಬರ್ತಿ ಅಂತ ಗೊತ್ತಿತ್ತು ನಂಗೆ."

"ಅಂಕಲ್ ಎಲ್ಲಿ ಆಂಟಿ?"

"ಅವರಿಲ್ಲ ಮಗಾ. ತೀರಿಕೊಂಡು ಏಳು ತಿಂಗಳಾಯ್ತು."

"ಕಾರ್ಡು ಬರ್ತಿದೆಯಲ್ಲ? ಅಕ್ಷರ ಅವರದ್ದೇ!"

"ಅವರೇ ಬರೆದದ್ದು," ಎಂದರು ಆಂಟಿ. "ಆಸ್ಪತ್ರೆಯಲ್ಲಿ ಬರೆದದ್ದು. ಮುಂದಿನ ವರ್ಷದ ನೀರಿನ ಪುಸ್ತಕ ತರ್ಸಿಕೊಂಡ್ರು. ಎಂತಕ್ಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ಪೆನ್ ಹಿಡೀಲಿಕ್ಕೆ ಆಗ್ತಿರ್ಲಿಲ್ಲ, ಪೆನ್ಸಿಲ್ ಕೊಟ್ಟೆ. ಹನ್ನೆರಡು ಕಾರ್ಡ್ ಬರೆದು ಮುಗಿಸಿದ್ರು. ತಿಂಗಳಿಗೊಂದು ಟಪಾಲು ಡಬ್ಬಿಗೆ ಹಾಕು ಅಂದ್ರು."

ಭರತ ಇಳಿತದ ಪುಸ್ತಕ ಇಡೀ ವರ್ಷದ್ದು ಮೊದಲೇ ಅಚ್ಚಾಗುತ್ತದೆ. ಮುಂದಿನ ಜುಲೈಯಲ್ಲಿ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹಾಸಿಗೆಯಲ್ಲಿ ಮಲಗಿದವರೂ ನಿಮಿಷ ಸಹಿತ ಬರೆಯಬಹುದು. ಟ್ಯಾಗಿನ ನಂಬರುಗಳನ್ನು ಹಳೆಯದರ ಮುಂದಕ್ಕೆ ಅಂದಾಜಿನಿಂದ ಹಾಕಿದ್ದರು. ದಿನವೂ ಆ ಪುಸ್ತಕ ತಿರುವುವ ನನಗೇ ಇದು ಹೊಳೆದಿರಲಿಲ್ಲ.

"ಆದ್ರೆ ಯಾಕೆ ಆಂಟಿ?"

ಅವರು ದಾರವನ್ನು ಬೆರಳಿಗೆ ಸುತ್ತಿಕೊಂಡರು. "ನಂಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. ಮನೆಗೆ ಬರುವ ಟಪಾಲೆಲ್ಲ ಇಂಗ್ಲಿಷಿನದ್ದು. ನಿನ್ನ ಪತ್ರದ ಅಡಿಯಲ್ಲಿ ಮಾತ್ರ ಎರಡು ಸಾಲು ಕನ್ನಡ ಇರ್ತದಲ್ಲ. 'ಧಾರವಾಡದ ಹುಡುಗಿ ಒಂದು ವರ್ಷ ನಿಂಗೆ ಬರೀತದೆ. ಅಷ್ಟರಲ್ಲಿ ನಿಂಗೆ ಒಬ್ಬಳೇ ಇರ್ಲಿಕ್ಕೆ ಅಭ್ಯಾಸ ಆಗ್ತದೆ' ಅಂದ್ರು."

ಆಂಟಿಯೇ ಮುಂದುವರಿಸಿದರು. "ಸತ್ತವರ ಹೆಸರಿನ ಹಿಂದೆ 'ಲೇಟ್' ಅಂತ ಬರೀತಾರಂತೆ. ಬ್ಯಾಂಕಿನಲ್ಲಿ ಒಬ್ಬ ಬೆರಳಿಟ್ಟು ತೋರಿಸಿದ. ಆ ನಾಲ್ಕು ಅಕ್ಷರ ಕಲಿತೆ ನಾನು. ಆಮೇಲೆ ಬಂದ ಎಲ್ಲಾ ಕಾಗದದಲ್ಲಿ ಅದೇ ಕಾಣ್ತದೆ. ನಿನ್ನದ್ರಲ್ಲಿ ಮಾತ್ರ ಇಲ್ಲ."

"ಇಲ್ಲಿಗೆ ಯಾಕೆ ಬರ್ತೀರಿ, ಈ ಚಳಿಯಲ್ಲಿ?"

"ಕಾರ್ಡಿನಲ್ಲಿ ಬರೆದ ಹೊತ್ತಿಗೆ ಇಲ್ಲಿ ಯಾರಾದ್ರೂ ಇರ್ಬೇಕಲ್ಲ? ಇಲ್ಲದಿದ್ರೆ ಅವರು ಬರೆದದ್ದು ಪೂರ್ತಿ ಸುಳ್ಳಾಗ್ತದೆ."

ದಾರದ ತುದಿಯನ್ನು ಮೇಲೆತ್ತಿ ತೋರಿಸಿದರು. ಸೀಸದ ಗುಂಡು ಮಾತ್ರ ಇತ್ತು. ಗಾಳ ಇರಲಿಲ್ಲ.

ಸೋಮವಾರ ಕಾಲಿನ್‌ನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ತೆಗೆದಿಟ್ಟ ಟ್ಯಾಗುಗಳನ್ನೂ ನನ್ನ ಸುಳ್ಳು ಪತ್ರಗಳ ನಕಲುಗಳನ್ನೂ ಮೇಜಿನ ಮೇಲಿಟ್ಟೆ. ಕೆಲಸ ಹೋಗುತ್ತದೆ ಎಂದೇ ನಂಬಿದ್ದೆ. ಅವನು ನಕಲುಗಳನ್ನು ಒಂದೊಂದಾಗಿ ಓದಿದ.

"ರಿಜಿಸ್ಟರಿನಲ್ಲಿ ಬರೆದೆಯಾ?"

"ಇಲ್ಲ."

"ಹಾಗಾದರೆ ನೀನು ಇಲ್ಲಿ ಉಳಿಯಬಹುದು. ಆದರೆ ಅವನ ಕಾರ್ಡು ಒಂದೂ ಉಳಿಯುವ ಹಾಗಿಲ್ಲ. ಮೊದಲಿನಿಂದಲೂ."

"ಮೊದಲಿನವು ನಿಜ ಕಾಲಿನ್. ನಲವತ್ತು ಮೀನು. ಟ್ಯಾಗನ್ನೇ ಅಂಟಿಸಿ ಕಳಿಸಿದ್ದಾರೆ."

"ನನಗೆ ಗೊತ್ತು. ಆದರೆ ಓದುವವನಿಗೆ ಗೊತ್ತಾಗುವುದು ಹೇಗೆ?"

ಕೆಂಪು ಪೆನ್ನು ಕೊಟ್ಟ. ಎರಡು ವರ್ಷದ ಪುಟಗಳನ್ನು ತಿರುವಿ, ಏಳನೇ ಕಂಬ ಎಂದಿದ್ದ ಪ್ರತಿ ಸಾಲನ್ನೂ ನನ್ನ ಕೈಯಿಂದಲೇ ಹೊಡೆದುಹಾಕಿದೆ. ನಾನು ಬರೆದ ಸುಳ್ಳು ಪತ್ರದಲ್ಲೇ ಉಳಿಯಿತು, ಅವರ ನಿಜ ರಿಜಿಸ್ಟರಿನಿಂದ ಹೋಯಿತು. ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಹೇಳುವುದು ಇದೊಂದೇ. ಒಂದು ಸುಳ್ಳು ಅಂಕಿ ತನ್ನ ಜಾಗದಲ್ಲಿ ತಾನು ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ನಿಜಗಳನ್ನೂ ತಿನ್ನುತ್ತದೆ.

ಆಂಟಿಗೆ ಹೋಗಿ ಹೇಳಿದೆ, ಇನ್ನು ಕಾರ್ಡು ಬೇಡ, ನಾನೇ ತಿಂಗಳಿಗೊಂದು ಪತ್ರ ಪೂರ್ತಿ ಕನ್ನಡದಲ್ಲಿ ಬರೆಯುತ್ತೇನೆ ಎಂದು. ಅವರು ಒಪ್ಪಲಿಲ್ಲ. "ನೀನು ಬರಿ. ಕಾರ್ಡು ನಾನು ಹಾಕ್ತೇನೆ. ಅವರು ಕೊನೆಗೆ ಹೇಳಿದ ಕೆಲಸ ಅದೊಂದೇ." ಕಾಲಿನ್ ಅವನ್ನು ಓದದೆ ಬೇರೆ ಡಬ್ಬಿಯಲ್ಲಿ ಇಡುತ್ತೇನೆ ಎಂದ. ಪ್ರತಿ ಎರಡನೇ ಶನಿವಾರ ನಾನೂ ಜೆಟ್ಟಿಗೆ ಹೋಗತೊಡಗಿದೆ. ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದೆವು. ಆಂಟಿ ತಾಯಿಯ ಜೊತೆ ಮಲ್ಪೆಯಲ್ಲಿ ಮೀನು ಮಾರಿದ ದಿನಗಳನ್ನು ಹೇಳುತ್ತಿದ್ದರು. ನೀರು ಇಳಿಯತೊಡಗಿದ ಇಪ್ಪತ್ತನೇ ನಿಮಿಷಕ್ಕೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಯಾಕೆಂದು ಕೇಳಿದರೆ ಹೇಳಲಾರೆ. ಆ ಹೊತ್ತಿಗೆ ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿರುತ್ತಿದ್ದೆವು, ಹಾಗೆ ಕೂರುವುದೆಂದು ಯಾರೂ ಮಾತಾಡಿಕೊಂಡದ್ದಿಲ್ಲ.

ಡಿಸೆಂಬರ್ ಬಂತು. ಕೊನೆಯ ಕಾರ್ಡು. ಅಂದು ಆಂಟಿ ದಾರಕ್ಕೆ ಗಾಳ ಕಟ್ಟಿಕೊಂಡು ಬಂದಿದ್ದರು, ಒಂದು ಡಬ್ಬಿಯಲ್ಲಿ ಸಣ್ಣ ಏಡಿಗಳೂ ಇದ್ದವು.

"ಇವತ್ತು ಹಿಡಿಯುವ," ಎಂದರು. "ಇದೊಂದಾದ್ರೂ ಅವರದ್ದು ನಿಜ ಆಗ್ಲಿ." ಪೋಸ್ಟ್ ಮಾಡುವ ಮೊದಲು ನೋಡು ಎಂದು ಕಾರ್ಡನ್ನು ನನ್ನ ಕೈಗಿತ್ತರು.

ಏಳನೇ ಕಂಬ. ಉದ್ದ 31 ಸೆಂಟಿಮೀಟರ್. ನಂಬರ್ 6142.

ನಂಬರನ್ನು ಮತ್ತೊಮ್ಮೆ ಓದಿದೆ. ನಾನು ಓದಿದ ಮೊದಲ ಆರು ಕಾರ್ಡುಗಳ ನಂಬರುಗಳನ್ನು ಮೀನಿಗೆ ಹಾಕದೆ ತೆಗೆದಿಟ್ಟಿದ್ದೆ. ಈ ಕಾರ್ಡು ಬಂದೇ ಇರಲಿಲ್ಲವಾದ್ದರಿಂದ 6142 ನನ್ನ ಕೈಯಿಂದ ದಾಟಿ ಹೋಗಿತ್ತು. ಆಗಸ್ಟ್ ತಿಂಗಳಲ್ಲಿ, ಕೊಲ್ಲಿಯ ಆಚೆ ದಡದ ಸೇತುವೆಯ ಬುಡದಲ್ಲಿ ಅದನ್ನು ಹಾಕಿ ಬಿಟ್ಟಿದ್ದೆ. ಆ ದಿನದ ಕೊನೆಯ ಮೀನಾದ್ದರಿಂದ ನೆನಪಿತ್ತು. ಆಂಟಿಗೆ ಏನೂ ಹೇಳಲಿಲ್ಲ.

ಅವರು ಏಡಿಯನ್ನು ಕಂಬಕ್ಕೆ ಸವರಿಕೊಂಡು ಇಳಿಸಿದರು. ಗಂಡನ ಕೈ ನೋಡಿ ನೋಡಿಯೇ ಕಲಿತಿರಬೇಕು, ಚಿಪ್ಪು ಕಳಚಿ ಬಿದ್ದ ಹಾಗೆಯೇ ಇಳಿಯಿತು. ಹದಿನೆಂಟು ನಿಮಿಷ. ಹತ್ತೊಂಬತ್ತು. ನೀರಿನ ಮೇಲ್ಮೈ ಎಣ್ಣೆಯ ಹಾಗೆ ನಿಂತಿತ್ತು. ನನ್ನ ಅಂಗೈ ಕಂಬದ ತುದಿಯ ಮೇಲಿತ್ತು. ಅದು ಒಳಗಿನಿಂದ ಒಮ್ಮೆ ಮೆಲ್ಲಗೆ ಅದುರಿತು.

"ಹಾಂ," ಎಂದರು ಆಂಟಿ, ಎತ್ತಿದರು.

ಮೀನು ಸದ್ದು ಮಾಡದೆ ಮೇಲೆ ಬಂತು. ಒದ್ದೆ ಬಟ್ಟೆಯ ಮೇಲೆ ಇಟ್ಟಾಗಲೂ ಒದ್ದಾಡಲಿಲ್ಲ. ಬೆನ್ನಿನಲ್ಲಿ ಒಂದು ಟ್ಯಾಗ್ ಇತ್ತು. ತಿಂಗಳುಗಟ್ಟಲೆ ನೀರಿನಲ್ಲಿದ್ದು ಅದರ ಮೇಲೆ ದಪ್ಪಗೆ ಪಾಚಿ ಬೆಳೆದಿತ್ತು. ಹಳದಿಯೂ ಕಾಣುತ್ತಿರಲಿಲ್ಲ, ನಂಬರಂತೂ ಇಲ್ಲವೇ ಇಲ್ಲ. ಅಭ್ಯಾಸಬಲದಿಂದ ಅಳತೆಪಟ್ಟಿ ಹಿಡಿದೆ. ಎರಡು ಸಲ ನೋಡಿದೆ. ಮೂವತ್ತೊಂದು.

ಪಾಚಿಯನ್ನು ಉಗುರಿನಿಂದ ಕೆರೆಯಲು ಕೈ ಚಾಚಿದೆ. ಆಂಟಿ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಬೆಚ್ಚಗಿತ್ತು.

"ಬೇಡ ಮಗಾ."

"ನಂಬರ್ ನೋಡ್ತೀನಿ ಆಂಟಿ. ನೋಡಲೇಬೇಕು, ನನ್ನ ಕೆಲಸ ಅದು."

"ನೋಡಿದ್ರೆ ಅದು ಅವರದ್ದು ಅಲ್ಲ ಅಂತ ಆಗ್ಬಹುದು. ಅವರದ್ದೇ ಅಂತಲೂ ಆಗ್ಬಹುದು. ಎರಡ್ರಲ್ಲಿ ಯಾವುದು ಆದ್ರೂ ನಂಗೆ ನಾಳೆಯಿಂದ ಆ ಮನೆಯಲ್ಲಿ ಒಬ್ಬಳೇ ಇರ್ಲಿಕ್ಕೆ ಆಗುದಿಲ್ಲ."

ಎರಡೂ ಕೈಯಲ್ಲಿ ಮೀನನ್ನು ಎತ್ತಿಕೊಂಡು, ಜೆಟ್ಟಿಯ ಮೆಟ್ಟಿಲಿಳಿದು, ನೀರಿನಲ್ಲಿ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಆಮೇಲೆ ಬೆರಳು ಸಡಿಲಿಸಿದರು. ಅದು ಅವಸರವಿಲ್ಲದೆ ತಿರುಗಿ ಏಳನೇ ಕಂಬದ ನೆರಳಿಗೆ ಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಓದದೆ ಬಿಟ್ಟ ಟ್ಯಾಗ್ ಅದೊಂದೇ. ಆ ಮೀನನ್ನು ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಹಿಂದಿರುಗುವಾಗ ಆಂಟಿ ಕಾರ್ಡನ್ನು ಟಪಾಲು ಡಬ್ಬಿಗೆ ಹಾಕಿದರು. ಮಂಗಳವಾರ ಅದು ಆಫೀಸಿಗೆ ಬಂತು. ಕಾಲಿನ್ ಅದನ್ನು ತನ್ನ ಡಬ್ಬಿಗೆ ಸೇರಿಸುವ ಮೊದಲು ಒಂದು ಕ್ಷಣ ನನ್ನ ಮುಖ ನೋಡಿದ. ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಿಳಿ ಹಾಳೆ ತೆಗೆದುಕೊಂಡು ಆಂಟಿಯ ಮನೆಯ ವಿಳಾಸಕ್ಕೆ, ಅಂಕಲ್ ಹೆಸರಿಗೇ ಪತ್ರ ಬರೆದೆ:

'ಪ್ರಿಯ ಸದಾನಂದ ಅಂಕಲ್, ನೀವು ಬರೆದ ದಿನ, ಬರೆದ ಹೊತ್ತಿಗೆ, ಏಳನೇ ಕಂಬದಲ್ಲಿ ಒಂದು ಮೀನು ಸಿಕ್ಕಿತು. ಉದ್ದ ಮೂವತ್ತೊಂದು. ಆಂಟಿ ಹಿಡಿದರು. ಮತ್ತೆ ನೀರಿಗೆ ಬಿಟ್ಟಿದ್ದಾರೆ.'

ಆ ವರ್ಷ ಅಂಕಲ್ ಹೆಸರಿಗೆ ಬರೆದ ಪತ್ರಗಳಲ್ಲಿ ಸುಳ್ಳಿಲ್ಲದ ಪತ್ರ ಅದೊಂದೇ.